ಹಸೀನಾಬಿಯ ರೊಟ್ಟಿಗೆ ಬಂದ ಕೆಂಪು

ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಒಂದು ಕಾಲಕ್ಕೆ ಪೊಟ್ಟಣದ ಮೇಲೆ ಕಂಪನಿಯವರು ತಮಗೆ ತೋಚಿದ್ದನ್ನು ಅಚ್ಚು ಹಾಕಿಸುತ್ತಿದ್ದರು, ಜನ ಅದನ್ನು ಓದಿ, ನಂಬಿ, ತಿನ್ನುತ್ತಿದ್ದರು. ಮಾವಿನ ಹಣ್ಣಿನ ಚಿತ್ರವಿದ್ದ ಬಾಟಲಿಯೊಳಗೆ ಮಾವು ಇರುತ್ತಿರಲಿಲ್ಲ. ‘ಬಹುಧಾನ್ಯ’ ಎಂದು ದಪ್ಪಕ್ಷರದಲ್ಲಿ ಬರೆಸಿಕೊಂಡ ಬ್ರೆಡ್ಡಿಗೆ ಕಂದು ಬಣ್ಣ ಬಂದಿರುತ್ತಿದ್ದದ್ದು ಸುಟ್ಟ ಸಕ್ಕರೆಯಿಂದ. ನಿಜ ಬೇಕಾದವರು ಪೊಟ್ಟಣದ ಹಿಂಬದಿಯ ಮಡಿಕೆಯೊಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹುಡುಕಿಕೊಳ್ಳಬೇಕಿತ್ತು. ಯಾರಾದರೂ ಎದೆಗಟ್ಟಿ ಮಾಡಿ ಕೇಸು ಹಾಕಿದರೆ ಅದು ವರ್ಷಗಟ್ಟಲೆ ಎಳೆದಾಡಿ, ಕಡೆಗೆ ಕಂಪನಿ ಒಂದಿಷ್ಟು ದಂಡ ಕಟ್ಟಿ, ಅದೇ ಮಾಲಿಗೆ ಹೊಸ ಹೆಸರಿಟ್ಟು ಮತ್ತೆ ಅಂಗಡಿಗೆ ಬಿಡುತ್ತಿತ್ತು.

ನಿಜಚೀಟಿ ಬಂದ ಮೇಲೆ ಆ ಆಟ ನಿಂತಿತು. ಹೆಬ್ಬೆರಳಿನಗಲದ ತೆಳು ಪದರ ಅದು. ಕೆಲವು ಕೀಟಗಳು ಮೀಸೆಯಿಂದಲೇ ವಾಸನೆ ಹಿಡಿಯುತ್ತವಲ್ಲ, ಆ ಮೀಸೆಯೊಳಗಿನ ಪ್ರೋಟೀನುಗಳ ನಕಲನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಈ ಪದರಕ್ಕೆ ಹಚ್ಚಿರುತ್ತಾರೆ. ಒಂದೊಂದು ಪ್ರೋಟೀನು ಒಂದೊಂದು ಪದಾರ್ಥವನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಗೋಧಿಗೆ ಒಂದು, ಹಾಲಿಗೆ ಒಂದು, ಶೇಂಗಾಕ್ಕೆ ಒಂದು, ಬಟ್ಟೆಗೆ ಹಾಕುವ ಬಣ್ಣಕ್ಕೂ ಒಂದು. ಹಿಡಿದುಕೊಂಡಾಗ ಹುಟ್ಟುವ ಚೂರು ವಿದ್ಯುತ್ತನ್ನು ಚೀಟಿಯೇ ಅಳೆದು, ಒಳಗೆ ಏನೇನಿದೆ ಎಂದು ತನ್ನ ಹೊರಮೈ ಮೇಲೆ ತಾನೇ ಬರೆಯುತ್ತದೆ. ತಯಾರಿಸಿದವರು ಹೇಳಿದ್ದೂ ಚೀಟಿ ಕಂಡದ್ದೂ ಹೊಂದಿದರೆ ಅಂಚು ಹಸಿರು. ಹೊಂದದಿದ್ದರೆ ಕೆಂಪು. ಕೆಂಪಾದ ಕ್ಷಣಕ್ಕೆ ಸುದ್ದಿ ನಿಯಂತ್ರಣ ಕೊಠಡಿಗೆ ಹೋಗಿ ಕೇಸು ತಾನಾಗಿ ದಾಖಲಾಗುತ್ತದೆ. ವಕೀಲರ ವಾದವಿಲ್ಲ, ಸಾಕ್ಷಿಯನ್ನು ಕೊಂಡುಕೊಳ್ಳುವ ಮಾತಿಲ್ಲ.

ಮೊದಮೊದಲು ಪೇಟೆಯಲ್ಲಿ ದೊಡ್ಡ ಗುಲ್ಲೆದ್ದಿತು. ‘ಅಪ್ಪಟ ತುಪ್ಪ’ದ ಮಿಠಾಯಿ ಅಂಗಡಿಗಳು ಸಾಲಾಗಿ ಬಾಗಿಲೆಳೆದುಕೊಂಡವು. ಮದುವೆಮನೆಗಳಲ್ಲಿ ಬೀಗರು ಎಲೆಯ ಮುಂದೆ ಕೂತು, ಜೇಬಿನಿಂದ ಚೀಟಿ ತೆಗೆದು ಹೋಳಿಗೆಗೆ ಅಂಟಿಸಿ ನೋಡುವಷ್ಟು ಮರ್ಯಾದೆಗೆಟ್ಟರು. ಆಮೇಲೆ ಎಲ್ಲರಿಗೂ ರೂಢಿಯಾಯಿತು. ಜನ ಓದುವುದನ್ನೇ ಬಿಟ್ಟು ಅಂಚು ಮಾತ್ರ ನೋಡಿ ಕೊಳ್ಳತೊಡಗಿದರು.

ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯ ಮುಖ್ಯಸ್ಥೆ ದಾನೇಶ್ವರಿ ಹೊಸಮನಿ. ಗೋಡೆಯ ತುಂಬ ಹರಡಿಕೊಂಡ ನಕ್ಷೆಯ ಮೇಲೆ ಆರು ಜಿಲ್ಲೆಗಳ ಅಂಗಡಿ, ಗಿರಣಿ, ಕಾರ್ಖಾನೆಗಳು ಹಸಿರು ಚುಕ್ಕಿಗಳಾಗಿ ಮಿನುಗುತ್ತಿದ್ದವು. ಎಲ್ಲಾದರೂ ಕೆಂಪು ಕಂಡರೆ ಅವಳ ಮೈಯಲ್ಲಿ ಒಂದು ಕಸುವು ಬರುತ್ತಿತ್ತು. ಅವಳನ್ನು ಕಂಡರೆ ವ್ಯಾಪಾರಿಗಳು ಹೆದರುತ್ತಿದ್ದರು. ‘ಆ ಹೆಂಗಸಿಗೆ ಕರುಳಿಲ್ಲ’ ಎಂದು ಆಡಿಕೊಳ್ಳುತ್ತಿದ್ದರು. ಪಾಪ, ಅವರಿಗೇನು ಗೊತ್ತು, ಅವಳ ಸಿಟ್ಟೆಲ್ಲ ಕರುಳಿನದೇ ಆಗಿತ್ತು.

ಅವಳ ಮಗಳು ಮಲ್ಲಿಕಾ, ಮನೆಯವರ ಬಾಯಲ್ಲಿ ಮಲ್ಲಿ. ಗಂಡ ಅಪಘಾತದಲ್ಲಿ ತೀರಿಕೊಂಡಾಗ ಮಗು ಇನ್ನೂ ಹೊಟ್ಟೆಯಲ್ಲಿತ್ತು. ಮಲ್ಲಿಗೆ ಹುಟ್ಟಿನಿಂದಲೇ ಗೋಧಿ ಆಗುವುದಿಲ್ಲ. ಗೋಧಿಯೊಳಗಿನ ಅಂಟು ಒಳಗೆ ಹೋದರೆ ಸಾಕು, ಅವಳ ದೇಹ ತನ್ನ ಕರುಳಿನ ಒಳಪದರವನ್ನು ತಾನೇ ಕೆರೆದು ಹಾಕುತ್ತದೆ. ಆಮೇಲೆ ಏನು ತಿಂದರೂ ಮೈಗೆ ಹತ್ತುವುದಿಲ್ಲ. ಇದು ಗೊತ್ತಾಗುವ ಮೊದಲು ದಾನೇಶ್ವರಿ ಕೂಸಿಗೆ ದಿನವೂ ‘ಶುದ್ಧ ರಾಗಿ ಬಿಸ್ಕತ್ತು’ ತಿನ್ನಿಸುತ್ತಿದ್ದಳು. ಪೊಟ್ಟಣದ ಮೇಲೆ ರಾಗಿಯ ತೆನೆ, ನಗುವ ಮಗು. ಒಳಗೆ ಮುಕ್ಕಾಲು ಪಾಲು ಮೈದಾ. ಎರಡು ವರ್ಷದ ಕೂಸು ಕಡ್ಡಿಯಂತಾಗಿ ಆಸ್ಪತ್ರೆ ಸೇರಿದಾಗ ದಾನೇಶ್ವರಿ ಆ ಕಂಪನಿಯ ಮೇಲೆ ಕೇಸು ಹಾಕಿದಳು. ಕಂಪನಿ ದಂಡ ಕಟ್ಟಿ ಕೈತೊಳೆದುಕೊಂಡಿತು. ದಾನೇಶ್ವರಿ ಅಂದೇ ನಿಶ್ಚಯ ಮಾಡಿ ಪರೀಕ್ಷೆ ಬರೆದು ಈ ಇಲಾಖೆಗೆ ಸೇರಿದ್ದಳು.

ಹಳೇ ಹುಬ್ಬಳ್ಳಿಯ ಅವರ ಓಣಿಯ ತುದಿಯಲ್ಲಿ ಹಸೀನಾಬಿ ನದಾಫಳ ರೊಟ್ಟಿ ಕೇಂದ್ರ. ಓಣಿಯ ಹತ್ತಾರು ಹೆಣ್ಣುಮಕ್ಕಳು ಅಲ್ಲಿ ಜೋಳದ ರೊಟ್ಟಿ ತಟ್ಟಿ, ಒಣಗಿಸಿ, ಪೊಟ್ಟಣ ಕಟ್ಟಿ ಊರೂರಿಗೆ ಕಳಿಸುತ್ತಿದ್ದರು. ಹಸೀನಾಬಿಯ ಗಿರಣಿಗೆ ಜೋಳ ಬಿಟ್ಟು ಬೇರೆ ಕಾಳು ಬೀಳುತ್ತಿರಲಿಲ್ಲ. ಆದರೂ ಅವಳಿಗೆ ಸಮಾಧಾನವಿಲ್ಲ. ಬೆಳಿಗ್ಗೆ ಎದ್ದು ಗಿರಣಿಯನ್ನು ಒರೆಸಿ, ಒಂದು ಬೊಗಸೆ ಜೋಳ ಬೀಸಿ ಆ ಹಿಟ್ಟನ್ನು ಕೋಳಿಗೆ ಚೆಲ್ಲಿ, ಆಮೇಲೆ ಮಲ್ಲಿಯ ಪಾಲಿನದನ್ನು ಬೀಸುತ್ತಿದ್ದಳು.

“ಮದಲ ನನ್ನ ಮಲ್ಲೀದು, ಆಮ್ಯಾಲೆ ಊರಿಂದು,” ಎನ್ನುತ್ತಿದ್ದಳು.

ಮಲ್ಲಿಗೆ ಹಸೀನವ್ವನ ರೊಟ್ಟಿಯೆಂದರೆ ಜೀವ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಚ್ಚಿಸಿಕೊಂಡು, ಮೇಲಿನ ತೆಳು ಪದರವನ್ನು, ಆ ಪಾಪುಡಿಯನ್ನು, ಮೆಲ್ಲಗೆ ಎಬ್ಬಿಸಿ ಮೊದಲು ಅದನ್ನೇ ತಿನ್ನುತ್ತಿದ್ದಳು. ಆರು ವರ್ಷ ಆ ರೊಟ್ಟಿಯ ಮೇಲೆಯೇ ಹುಡುಗಿ ಚಿಗುರಿಕೊಂಡಿತ್ತು. ಶಾಲೆಯ ಓಟದಲ್ಲಿ ಬಹುಮಾನ ತಂದಿತ್ತು. ದಾನೇಶ್ವರಿ ಕೆಲಸಕ್ಕೆ ಹೋದರೆ ಮಗುವಿನ ಪೂರ್ತಿ ಹೊಣೆ ಅವಳ ತಾಯಿ ಪಾರವ್ವನದು.

ಎಂಟು ತುಂಬಿದ ವರ್ಷ ಮಲ್ಲಿ ಮತ್ತೆ ಸೊರಗತೊಡಗಿದಳು.

ಮೊದಲು ಹೊಟ್ಟೆನೋವು, ಆಮೇಲೆ ಭೇದಿ. ಮೆಟ್ಟಿಲು ಹತ್ತಿದರೆ ಏದುಸಿರು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, “ಎಲ್ಲಿಂದಲೋ ಗೋಧಿ ಹೋಗುತ್ತಿದೆ,” ಎಂದರು. ದಾನೇಶ್ವರಿ ಮನೆಗೆ ಬಂದವಳೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿ ಚೀಟಿ ಹಚ್ಚಿ ನೋಡಿದಳು. ಎಲ್ಲವೂ ಹಸಿರು. ಒಗ್ಗರಣೆ ಡಬ್ಬಿಯ ಸಾಸಿವೆಯವರೆಗೂ ಹಸಿರು.

“ಅವ್ವಾ, ನಾ ಇಲ್ಲದಾಗ ಆಕಿಗೆ ಊಟಕ್ಕ ಏನೇನ ಕೊಡತಿ? ಒಂದೂ ಬಿಡದ ಹೇಳ.”

“ಏನ ಕೊಡ್ಲಿ ಯವ್ವಾ, ನೀ ಹೇಳಿದ್ದ ಕೊಡತೀನಿ. ಹಸೀನಾನ ರೊಟ್ಟಿ, ಹೆಸರ ಬ್ಯಾಳಿ, ಹೀರಿಕಾಯಿ ಪಲ್ಯಾ, ಮೊಸರು. ಚೀಟಿ ಇಲ್ಲದ ಡಬ್ಬಿ ನಾ ಮುಟ್ಟಂಗಿಲ್ಲ. ದೇವರಾಣಿ ಐತಿ,” ಎಂದಳು ಪಾರವ್ವ. ಅವಳ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳುವ ಹೆಂಗಸಲ್ಲ ಅವಳು, ಆವತ್ತೂ ಹೇಳಲಿಲ್ಲ.

ಹಾಗಾದರೆ ಉಳಿದದ್ದೇನು? ಚೀಟಿಗೆ ಕಾಣದಷ್ಟು ಗೋಧಿ. ಕಾನೂನಿನಲ್ಲಿ ಒಂದು ಮಿತಿಯಿತ್ತು. ದಶಲಕ್ಷ ಪಾಲಿನಲ್ಲಿ ಇಪ್ಪತ್ತು ಪಾಲು ಗೋಧಿಯ ಅಂಟು ಇದ್ದರೂ ಚೀಟಿ ಹಸಿರಾಗಿಯೇ ಇರುತ್ತಿತ್ತು. ಅಷ್ಟರಿಂದ ಯಾರಿಗೂ ಅಪಾಯವಿಲ್ಲ ಎಂದು ವಿಜ್ಞಾನಿಗಳು ಲೆಕ್ಕ ಹಾಕಿ ಇಟ್ಟಿದ್ದ ಮಿತಿ ಅದು. ದಾನೇಶ್ವರಿಗೆ ಈಗ ಆ ಇಪ್ಪತ್ತೇ ಕಳ್ಳಗಿಂಡಿಯಾಗಿ ಕಂಡಿತು. ಯಾರೋ ಆ ಗಿಂಡಿಯಲ್ಲಿ ತೂರಿಬಂದು ತನ್ನ ಮಗಳನ್ನು ತಿನ್ನುತ್ತಿದ್ದಾರೆ ಎಂದು ಅವಳ ತಲೆ ಹೊಕ್ಕಿತು.

ಮಿತಿಯನ್ನು ಇಳಿಸುವ ಅಧಿಕಾರ ಅವಳಿಗಿತ್ತು. ಏರಿಸುವ ಅಧಿಕಾರ ಮಾತ್ರ ಯಾವ ಅಧಿಕಾರಿಗೂ ಇರಲಿಲ್ಲ, ಅದಕ್ಕೆ ಶಾಸನಸಭೆಯೇ ಕೂಡಬೇಕು. ಕಂಪನಿಗಳು ಅಧಿಕಾರಿಗಳ ಕೈ ಬೆಚ್ಚಗೆ ಮಾಡಿ ಮಿತಿ ಏರಿಸಿಕೊಂಡಾರು ಎಂಬ ಭಯಕ್ಕೆ ಕಾನೂನು ಮಾಡಿದವರು ಹಾಗೆ ಬಿಗಿ ಮಾಡಿದ್ದರು. ಬಹಳ ಜಾಣರು, ಏನು ಹೇಳೋಣ!

ಕೊಠಡಿಯ ಹಿರಿಯ ವಿಜ್ಞಾನಿ ಇನಾಮದಾರರು ಅವಳ ಆದೇಶವನ್ನು ಪರದೆಯ ಮೇಲೆ ಓದಿ ಕನ್ನಡಕ ತೆಗೆದರು.

“ಸೊನ್ನೆ? ಮೇಡಂ, ಸ್ವಲ್ಪ ವಿಚಾರ ಮಾಡ್ರಿ. ಇಪ್ಪತ್ತರ ಕೆಳಗ ಇದ್ದದ್ದು ಯಾವ ಕೂಸಿಗೂ ಏನೂ ಮಾಡೂದಿಲ್ಲ. ಗಾಳಿಯೊಳಗ ಹಾರೂ ಧೂಳು ಅದು. ಸೊನ್ನೆ ಅಂದ್ರ ಈ ಭಾಗದಾಗ ಒಂದು ಸಣ್ಣ ಗಿರಣಿನೂ ಉಳಿಯೂದಿಲ್ಲ.”

“ಹಂಗಾದ್ರ ನನ್ನ ಮಗಳ ಹೊಟ್ಟ್ಯಾಗ ಗೋದಿ ಎಲ್ಲಿಂದ ಬಂತ್ರಿ ಸರ್?”

“ಅದು ನನಗ ಗೊತ್ತಿಲ್ಲ. ಖರೇ ಹೇಳಬೇಕಂದ್ರ ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದ ಆದೇಶ ಹೊರಡಸಬ್ಯಾಡ್ರಿ. ಇಳಿಸಿದ ಮ್ಯಾಲೆ ತಿರುಗಿ ಏರಸ್ಲಿಕ್ಕೆ ಬರೂದಿಲ್ಲ.”

“ನಿಮ್ಮ ಮಗಳಾಗಿದ್ರ?” ಎಂದಳು ದಾನೇಶ್ವರಿ. ಆದೇಶದ ಕೆಳಗೆ ಹೆಬ್ಬೆರಳು ಒತ್ತಿದಳು.

ಗಂಟೆಯೊಳಗೆ ಗೋಡೆಯ ನಕ್ಷೆಗೆ ದಡಾರ ಎದ್ದಂತಾಯಿತು. ‘ಗೋಧಿ ಇಲ್ಲ’ ಎಂದು ಹೇಳಿಕೊಂಡಿದ್ದ ಜೋಳದ ಗಿರಣಿಗಳು, ಸಜ್ಜೆ ರೊಟ್ಟಿಯ ಕೇಂದ್ರಗಳು, ಅಕ್ಕಿ ಹಪ್ಪಳದ ಮನೆಗಳು ಒಂದಾದ ಮೇಲೊಂದು ಕೆಂಪಾದವು. ಅಕ್ಕಪಕ್ಕದ ಗೋಧಿ ಗಿರಣಿಯಿಂದ ಹಾರಿಬಂದ ಧೂಳು ಎಲ್ಲಿಲ್ಲ ಹೇಳಿ? ಹಸಿರು ಉಳಿದದ್ದು ಗಾಳಿಯನ್ನೂ ಸೋಸಿ ಒಳಗೆ ಬಿಡುವ ದೊಡ್ಡ ಕಾರ್ಖಾನೆಗಳು ಮಾತ್ರ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು, ಹಿಂದೆ ಆ ರಾಗಿ ಬಿಸ್ಕತ್ತು ಮಾರಿದ ಕಂಪನಿಯದು. ದಾನೇಶ್ವರಿ ಅದನ್ನು ಗಮನಿಸಲಿಲ್ಲ. ಅವಳ ಕಣ್ಣು ಹಳೇ ಹುಬ್ಬಳ್ಳಿಯ ಒಂದು ಚುಕ್ಕಿಯ ಮೇಲೆ ನಿಂತಿತ್ತು. ಅದು ಕೆಂಪಾಗಿತ್ತು.

ಮುದ್ರೆ ಹಾಕುವವರ ಜೊತೆ ಮುಖ್ಯಸ್ಥೆ ಹೋಗಬೇಕೆಂದೇನೂ ಇರಲಿಲ್ಲ. ಆದರೂ ಅವಳು ಹೋದಳು. ಹಸೀನಾಬಿ ಒಲೆಯ ಮುಂದೆ ಕೂತು ತಟ್ಟುತ್ತಿದ್ದವಳು ಕೈಯ ಹಿಟ್ಟು ಜಾಡಿಸಿ ಎದ್ದು ನಿಂತಳು.

“ಯಾಕವಾ ದಾನವ್ವಾ, ಮಲ್ಲಿಗೆ ರೊಟ್ಟಿ ಸಾಲಲಿಲ್ಲೇನ? ಫೋನ್ ಮಾಡಿದ್ರ ನಾನ ತಂದು ಕೊಡತಿದ್ನೆಲ್ಲ,” ಎಂದಳು. ಆಮೇಲೆ ದಾನೇಶ್ವರಿಯ ಹಿಂದೆ ನಿಂತವರನ್ನು, ಅವರು ಮುಂದೆ ಹಿಡಿದ ಪೊಟ್ಟಣದ ಕೆಂಪು ಅಂಚನ್ನು ನೋಡಿದಳು. “ಕೆಂಪ? ನಮ್ಮ ರೊಟ್ಟಿಗಾ? ಆ ಚೀಟಿ ಕೆಟ್ಟೈತಿ ನೋಡವಾ.”

“ಚೀಟಿ ಕೆಡಂಗಿಲ್ಲ ಹಸೀನಕ್ಕ. ಗೋದಿ ಐತಿ ಅಂತ ತೋರ್ಸಾಕತ್ತೈತಿ.”

“ಎದುರಿಗೆ ಗೋದಿ ಗಿರಣಿ ಐತೆಲ್ಲ, ಅದರ ಧೂಳ ಬಿದ್ದಿದ್ದೀತು. ಅದೇನ ಇವತ್ತಿಂದಾ?”

“ಅದನ್ನ ಆರ ವರ್ಷದಿಂದ ನನ್ನ ಮಗಳು ತಿನ್ನಾಕತ್ತಾಳ.”

ತಟ್ಟುವ ಸದ್ದು ನಿಂತುಹೋಯಿತು. ಹೆಣ್ಣುಮಕ್ಕಳೆಲ್ಲ ಅವರಿಬ್ಬರ ಮುಖ ನೋಡುತ್ತಿದ್ದರು. ಹಸೀನಾಬಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಹಂಗಂದ್ರ, ನಾ ಮಲ್ಲಿಗೆ ವಿಷಾ ಹಾಕೀನಿ ಅಂತೀಯೇನವಾ?”

ದಾನೇಶ್ವರಿ ಮುದ್ರೆ ಹಾಕುವವರಿಗೆ ಕೈಸನ್ನೆ ಮಾಡಿದಳು. ಬಾಗಿಲಿಗೆ ಮುದ್ರೆ ಬಿತ್ತು. ಪ್ರಾಣಕ್ಕೆ ಎರವಾಗುವ ಸುಳ್ಳು ಎಂಬ ಕಲಮಿನಡಿ ಹಸೀನಾಬಿಯ ಹೆಸರು ಕೆಂಪು ಪಟ್ಟಿಗೆ ಸೇರಿತು. ದಂಡದ ಜೊತೆಗೆ, ಐದು ವರ್ಷ ಅವಳು ಮನೆಯವರನ್ನು ಬಿಟ್ಟು ಇನ್ಯಾರಿಗೂ ಆಹಾರ ಮಾಡಿ ಕೊಡುವಂತಿಲ್ಲ. ಮತ್ತೊಮ್ಮೆ ಸಿಕ್ಕಿಬಿದ್ದರೆ ಸೆರೆಮನೆ. ಕೇಂದ್ರದ ಹೆಣ್ಣುಮಕ್ಕಳು ಕೆಲವರು ಹೋಟೆಲುಗಳಲ್ಲಿ ತಟ್ಟೆ ತೊಳೆಯಲು ಹೋದರು, ಕೆಲವರು ಊರನ್ನೇ ಬಿಟ್ಟರು. ಓಣಿಯ ಜನ ದಾನೇಶ್ವರಿ ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದರು. ಅವಳು ಹಲ್ಲು ಕಚ್ಚಿ ಸಹಿಸಿಕೊಂಡಳು. ಮಗಳು ಚೇತರಿಸಿಕೊಂಡರೆ ಸಾಕಾಗಿತ್ತು ಅವಳಿಗೆ.

ಮಗಳು ಚೇತರಿಸಿಕೊಳ್ಳಲಿಲ್ಲ. ಕಾರ್ಖಾನೆಯ ‘ಸೊನ್ನೆ ಗೋಧಿ’ ರೊಟ್ಟಿಯನ್ನು ಮಲ್ಲಿ ಒಂದು ತುತ್ತು ತಿಂದು ಬದಿಗೆ ಸರಿಸುತ್ತಿದ್ದಳು. ಬಿಳಿಚಿಕೊಂಡ, ಅಂಟಂಟಾದ ಹಾಳೆ ಅದು. ಮರಗೆಣಸಿನ ಪಿಷ್ಟದಿಂದ ಮಾಡಿದ್ದು. “ಇದರಾಗ ಏನೂ ಇಲ್ಲ,” ಎನ್ನುತ್ತಿದ್ದಳು ಹುಡುಗಿ. ಚೀಟಿಯೂ ಅದನ್ನೇ ಹೇಳುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಮಲ್ಲಿಗೆ ಎದ್ದು ಕೂರಲೂ ಆಗದೆ ಆಸ್ಪತ್ರೆಗೆ ಸೇರಿಸಬೇಕಾಯಿತು.

ಅಲ್ಲಿ ಒಂದು ಬೆಳಿಗ್ಗೆ, ದಾನೇಶ್ವರಿ ಮುಖ ತೊಳೆದು ವಾರ್ಡಿಗೆ ಬರುವಾಗ ಪಾರವ್ವ ಮಂಚದ ಪಕ್ಕ ನಿಂತಿದ್ದಳು. ಹಣೆಯಲ್ಲಿ ಹಸಿ ವಿಭೂತಿ. ಆಗಷ್ಟೇ ಮಠದಿಂದ ಬಂದಿದ್ದಳು. ಸೊಂಟದ ಗಂಟಿನಿಂದ ಎಲೆಯ ಪೊಟ್ಟಣ ಬಿಚ್ಚಿ, ಎರಡು ಬೆರಳಲ್ಲಿ ಏನನ್ನೋ ಚಿವುಟಿ ಕಣ್ಣಿಗೊತ್ತಿಕೊಂಡು, ನಿದ್ದೆಗಣ್ಣಿನ ಮೊಮ್ಮಗಳ ಬಾಯಿಗಿಟ್ಟಳು.

“ಅವ್ವಾ! ಏನದು?”

ಪಾರವ್ವ ಬೆಚ್ಚಿ ತಿರುಗಿದಳು. “ಯಾಕ ಒದರತೀಯವಾ? ಪ್ರಸಾದ. ಅಜ್ಜಾರ ಮಠದ್ದು.”

“ಏನ ಪ್ರಸಾದ?”

“ಸಜ್ಜಕ.”

“ಸಜ್ಜಕ ಎದರಲೆ ಮಾಡ್ತಾರವಾ?”

“ಗೋದಿ ರವಾ, ಬೆಲ್ಲ...” ಎಂದ ಪಾರವ್ವನ ಬಾಯಿ ಹಾಗೇ ತೆರೆದುಕೊಂಡು ನಿಂತಿತು.

ನಿಜಚೀಟಿಯ ಕಾನೂನಿನಲ್ಲಿ ದೇವರ ಪ್ರಸಾದಕ್ಕೆ ವಿನಾಯಿತಿ ಇತ್ತು. ದೇವರ ಮುಂದಿಟ್ಟದ್ದಕ್ಕೆ ಚೀಟಿ ಹಚ್ಚುವ ಧೈರ್ಯ ಯಾವ ಸರ್ಕಾರಕ್ಕೂ ಬಂದಿರಲಿಲ್ಲ. ಪಾರವ್ವ ಮೊಮ್ಮಗಳಿಗೆ ಎಂಟು ತುಂಬಿದ ದಿನ ಮಠಕ್ಕೆ ಹರಕೆ ಹೊತ್ತಿದ್ದಳು, ಅಂದಿನಿಂದ ದಿನಾ ಬೆಳಿಗ್ಗೆ ಹೋಗಿ ಬರುತ್ತಿದ್ದಳು. ತಂದ ಪ್ರಸಾದವನ್ನು ಚಿಟಿಕೆಯಷ್ಟೇ ಕೊಡುತ್ತಿದ್ದಳು.

“ನೀ ಊಟಕ್ಕ ಏನ ಕೊಟ್ಟಿ ಅಂತ ಕೇಳತಿದ್ದಿ,” ಎಂದಳು ಪಾರವ್ವ. ಅವಳ ಧ್ವನಿ ಎಲ್ಲೋ ಒಳಗಿನಿಂದ ಬರುತ್ತಿತ್ತು. “ಪ್ರಸಾದ ಊಟ ಅಲ್ಲಲ್ಲವಾ. ಪ್ರಸಾದ ತಗೊಂಡ್ರ ಯಾರಿಗರ ಏನರ ಆಗತೈತೇನ? ಆಕಿ ಸೊರಗಿದ್ದ ನೋಡಿ ಮತ್ತೊಂದ ಹರಕಿ ಹೊತ್ತೆ. ಸಂಜಿಗೂ ಹೋಗಿ ತಂದೆ. ಎರಡೂ ಹೊತ್ತು ಕೊಟ್ಟೆ. ಯಪ್ಪಾ ಶಿವನ, ನಾನ ಕೊಟ್ನೆಲ್ಲೋ! ಈ ಕೈಲೆ ಕೊಟ್ನೆಲ್ಲೋ!”

ಅವಳು ಆ ಕೈಯನ್ನು ಮಂಚದ ಕಬ್ಬಿಣಕ್ಕೆ ಬಡಿದುಕೊಳ್ಳತೊಡಗಿದಳು. ದಾನೇಶ್ವರಿ ಹಿಡಿದು ನಿಲ್ಲಿಸಿದಳು. ತಾಯಿಯನ್ನು ಬೈಯಲು ಅವಳಿಗೆ ಬಾಯಿ ಬರಲಿಲ್ಲ. ಮಠದ ಅಂಗಳದಲ್ಲೇ ಆಡಿ ಬೆಳೆದವಳು ಅವಳೂ. ಪ್ರಸಾದ ಅವಳ ಲೆಕ್ಕಕ್ಕೂ ಬಂದಿರಲಿಲ್ಲ.

ಆವತ್ತೇ ಅವಳು ಕೊಠಡಿಗೆ ಓಡಿದಳು. ನಡೆದದ್ದನ್ನೆಲ್ಲ ಇನಾಮದಾರರಿಗೆ ಹೇಳಿದಳು.

“ಹಸೀನಾಬಿಯ ಕೇಸು ಹಿಂದಕ್ಕ ತಗೋಬೇಕ್ರಿ ಸರ್. ಆಕಿದು ಏನೂ ತಪ್ಪಿಲ್ಲ. ತಪ್ಪ ನಂದು ಅಂತ ನಾ ಬರದ ಕೊಡತೀನಿ.”

“ಬರದ ಕೊಟ್ರ ತಗೊಳ್ಳವ್ರು ಯಾರಿದ್ದಾರ್ರಿ? ಕೇಸು ಹಿಂದಕ್ಕ ಹೋಗಬೇಕಾದ್ರ ಚೀಟಿ ಸುಳ್ಳು ಹೇಳೇದ ಅಂತ ಸಾಬೀತಾಗಬೇಕು. ಚೀಟಿ ಸುಳ್ಳು ಹೇಳಿಲ್ಲಲ್ಲ ಮೇಡಂ. ಆ ರೊಟ್ಟಿಯೊಳಗ ಧೂಳಿನಷ್ಟು ಗೋಧಿ ಇದ್ದದ್ದು ಖರೇ. ನೀವು ಹಾಕಿದ ಮಿತಿನೂ ಖರೇ.”

“ಶಾಸನಸಭೆಗೆ ಬರಿಯೋಣ್ರಿ.”

“ಬರಿಯೋಣ. ಅವರು ಕೂಡೂದು ಚಳಿಗಾಲಕ್ಕ.” ಅವರು ಕನ್ನಡಕ ಒರೆಸಿಕೊಳ್ಳುತ್ತಾ ಕೂತರು. ಗೋಡೆಯ ಮೇಲೆ ಕೆಂಪು ಚುಕ್ಕಿಗಳು ಹಾಗೇ ಇದ್ದವು.

ಚಳಿಗಾಲದವರೆಗೆ ಮಲ್ಲಿಗೆ ಕಾಯಲು ಆಗುತ್ತಿರಲಿಲ್ಲ. ಗೋಧಿ ನಿಂತರೂ ಕರುಳು ತಿರುಗಿ ಬೆಳೆಯಲು ಒಳಗೆ ಏನಾದರೂ ಹೋಗಬೇಕು. ಹುಡುಗಿ ಬಾಯಿಗೆ ಏನನ್ನೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಸಲೈನಿನ ಮೇಲೆ ಎಷ್ಟು ದಿನ ಇಡಲಾದೀತು? “ಆಸೆಪಟ್ಟು ಏನು ತಿಂದಾಳೋ ಅದನ್ನು ಕೊಡಿ,” ಎಂದು ವೈದ್ಯರು ದಾನೇಶ್ವರಿಯನ್ನು ಪಕ್ಕಕ್ಕೆ ಕರೆದು ಹೇಳಿದರು. “ಈ ವಾರ ತಿನ್ನಲು ಶುರು ಮಾಡದಿದ್ದರೆ ನಮ್ಮ ಕೈ ಮೀರುತ್ತದೆ.”

“ಏನ ಬೇಕ ಮಲ್ಲೀ?” ಎಂದು ದಾನೇಶ್ವರಿ ಕೇಳಿದಳು.

“ಹಸೀನವ್ವನ ರೊಟ್ಟಿ. ಬೆಣ್ಣಿ ಹಚ್ಚಿ.”

ದಾನೇಶ್ವರಿ ಹಸೀನಾಬಿಯ ಮನೆಯ ಬಾಗಿಲಲ್ಲಿ ನಿಂತಾಗ ತನ್ನ ಮುಖಕ್ಕೆ ಬಾಗಿಲು ಬೀಳುತ್ತದೆ ಎಂದೇ ಅಂದುಕೊಂಡಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಪ್ರಸಾದದ್ದು, ಆದೇಶದ್ದು, ತನ್ನದು. ಹೇಳುತ್ತಾ ಹೇಳುತ್ತಾ ಹೊಸ್ತಿಲ ಮೇಲೆ ಕುಸಿದು ಕೂತಳು. ಹಸೀನಾಬಿ ಮುದುಕಿಯಂತಾಗಿದ್ದಳು. ದಂಡ ಕಟ್ಟಲು ಗಿರಣಿ ಮಾರಿದ್ದಳು, ಪಡಸಾಲೆಯಲ್ಲಿ ಅದಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ತೂತು ಮಾತ್ರ ಉಳಿದಿದ್ದವು.

“ಮಾಫಿ ಗೀಫಿ ಆಮ್ಯಾಲೆ ಕೇಳೀಯಂತ, ಮದಲ ಏಳ,” ಎಂದಳು ಹಸೀನಾಬಿ. “ಹುಡುಗಿ ಹಸದಾಳ ಅಂತೀ. ಇಲ್ಲಿ ಕುಂತು ಅತ್ರ ರೊಟ್ಟಿ ಆಗತೈತೇನ?”

ಬೆರಳಲ್ಲಿ ಒಂದೊಂದೇ ಕಾಳು ಆರಿಸಿದಳು. ಮಿಕ್ಸರಿನ ಪಾತ್ರೆಯನ್ನು ಕುದಿನೀರಲ್ಲಿ ತೊಳೆದಳು. ಕಿಟಕಿ ಬಾಗಿಲುಗಳಿಗೆ ಒದ್ದೆ ಬಟ್ಟೆ ಕಟ್ಟಿದಳು. ಮಿಕ್ಸರಿನಲ್ಲಿ ತರಿತರಿಯಾದ ಹಿಟ್ಟನ್ನು ಮತ್ತೆ ಮತ್ತೆ ಜರಡಿ ಹಿಡಿದು, ಎಸರಿಟ್ಟು, ನಾದಿ, ತಟ್ಟಿದಳು. ಒಂದು ಹರಿಯಿತು. ಎರಡನೆಯದು ಹೆಂಚಿನ ಮೇಲೆ ಪೂರಿಯಂತೆ ಉಬ್ಬಿ ಬಂದಾಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಬೆಣ್ಣೆ ಹಚ್ಚಿ ಡಬ್ಬಿಗೆ ಹಾಕಿ, “ನಡಿ, ನಾನೂ ಬರ್ತೀನಿ,” ಎಂದು ಬುರ್ಖಾ ಹಾಕಿಕೊಂಡಳು.

ವಾರ್ಡಿನ ಬಾಗಿಲಲ್ಲಿ ಚೀಟಿಗಂಬವಿತ್ತು. ರೋಗಿಗಳ ಪಥ್ಯ ಕೆಡದಿರಲೆಂದು ಪ್ರಸಾದವೊಂದನ್ನು ಬಿಟ್ಟು, ಒಳಗೆ ಹೋಗುವ ಪ್ರತಿ ಡಬ್ಬಿಯನ್ನೂ ಅದು ಮೂಸಿ ನೋಡುತ್ತದೆ. ದಾನೇಶ್ವರಿ ಡಬ್ಬಿಯನ್ನು ತಟ್ಟೆಯ ಮೇಲಿಟ್ಟಳು. ಕಂಬದ ದೀಪ ಕೆಂಪಾಯಿತು. ಓಣಿಯ ಗಾಳಿಯಲ್ಲಿ ಹಾರುವ ಧೂಳಿಗೆ ಒದ್ದೆ ಬಟ್ಟೆ ಸಾಕಾಗಿರಲಿಲ್ಲ. ತಟ್ಟೆ ಒಳಕ್ಕೆ ಸರಿದು ಮುಚ್ಚಳ ಬಿತ್ತು.

“ತಗೀರಿ ಅದನ್ನ! ನಾ ಯಾರ ಅಂತ ಗೊತ್ತೈತೇನ?” ಎಂದು ದಾನೇಶ್ವರಿ ಕಾವಲುಗಾರನ ಮೇಲೆ ಕೂಗಾಡಿದಳು.

“ಗೊತ್ತೈತ್ರಿ ಮೇಡಂ,” ಎಂದ ಅವನು ಅಂಜುತ್ತಾ. “ನಿಮ್ಮ ಆದೇಶಾನ ಐತ್ರಿ ಇದು. ನಾ ತೆಗಿಯಾಕ ಬರಂಗಿಲ್ರಿ. ರೊಟ್ಟಿ ಯಾರ ಮಾಡಿದ್ದಂತ ಬರಕೋಬೇಕ್ರಿ.”

ಹಸೀನಾಬಿ ಬಾಯಿ ತೆರೆದಳು. ದಾನೇಶ್ವರಿ ಅವಳ ಮೊಣಕೈ ಹಿಡಿದು ಹಿಂದಕ್ಕೆಳೆದಳು.

“ನಾನ ಮಾಡೀನಿ,” ಎಂದಳು. “ನನ್ನ ಮಗಳಿಗೆ ನಾನ ಮಾಡೀನಿ. ಬರಕೋರಿ.”

ಒಳಗೆ ಪಾರವ್ವ ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತಿದ್ದಳು. ಪ್ರಸಾದದ ದಿನದಿಂದ ಅವಳು ಮೊಮ್ಮಗಳನ್ನು ಮುಟ್ಟುವುದನ್ನೇ ಬಿಟ್ಟಿದ್ದಳು. ಮಲ್ಲಿಕಾ ದಿಂಬಿನ ಮೇಲೆ ಇದ್ದಾಳೋ ಇಲ್ಲವೋ ಎನ್ನುವಷ್ಟು ಹಗುರಾಗಿದ್ದಳು. ಹಸೀನಾಬಿಯನ್ನು ಕಂಡು ಅವಳ ಕಣ್ಣುಗಳು ಅರಳಿದವು.

“ರೊಟ್ಟಿ ತಂದಿ?”

ಹಸೀನಾಬಿ ಖಾಲಿ ಕೈಯಿಂದ ಹುಡುಗಿಯ ತಲೆ ಸವರಿದಳು. “ನಾಳೆ ತರ್ತೀನಿ ನನ್ನ ಮಲ್ಲೀ. ಬೆಣ್ಣಿ ಹಚ್ಚಿ ತರ್ತೀನಿ. ಇವತ್ತೊಂದ ದಿನ ಗಂಜಿ ಕುಡಿ.”

ದಾನೇಶ್ವರಿ ಅಕ್ಕಿಗಂಜಿಯ ಬಟ್ಟಲು ತಂದು ಚಮಚ ಮುಂದೆ ಹಿಡಿದಳು. ಮಲ್ಲಿಕಾ ತುಟಿ ಬಿಗಿ ಮಾಡಿಕೊಂಡಳು.

“ಬ್ಯಾಡ. ಗಂಜಿ ಕುಡದ್ರ ಹೊಟ್ಟಿ ತುಂಬತೈತಿ. ನಾಳೆ ರೊಟ್ಟಿ ಹಿಡಸಂಗಿಲ್ಲ.”

“ಒಂದ ಚಮಚ ಕುಡಿ ನನ್ನ ಬಂಗಾರಾ. ರೊಟ್ಟಿಗೆ ಜಾಗ ಇಟಗೋಬಹುದು,” ಎಂದಳು ಹಸೀನಾಬಿ.

“ಊಹೂಂ. ನಾಳೆ ಎರಡ ತಿಂತೀನಿ.”

ಹಸೀನಾಬಿ ದಾನೇಶ್ವರಿಯ ಕಡೆ ನೋಡಿದಳು. ಪ್ರೀತಿಯಿಂದ ಆಡಿದ ಸುಳ್ಳು ಹುಡುಗಿಯ ಬಾಯಿಗೆ ಬೀಗ ಹಾಕಿತ್ತು. ದಾನೇಶ್ವರಿ ಬಟ್ಟಲನ್ನು ಕೆಳಗಿಟ್ಟು ಮಂಚದ ಬಳಿ ಮಂಡಿಯೂರಿದಳು.

“ನಾಳೆನೂ ರೊಟ್ಟಿ ಬರಂಗಿಲ್ಲ ಮಲ್ಲೀ.”

“ಯಾಕ?”

“ಹಸೀನವ್ವ ಯಾರಿಗೂ ರೊಟ್ಟಿ ಕೊಡಬಾರದು ಅಂತ ನಾನ ಬಂದ್ ಮಾಡಿಸೀನಿ.”

ಮಲ್ಲಿಕಾ ಅವ್ವನನ್ನೂ ಹಸೀನವ್ವನನ್ನೂ ನೋಡಿದಳು. “ಹಸೀನವ್ವ ಏನ ತಪ್ಪ ಮಾಡಿದ್ಲು?”

“ಏನೂ ಮಾಡಿಲ್ಲ.”

“ಮತ್ತ?”

ದಾನೇಶ್ವರಿ ಹೊದಿಕೆಯನ್ನು ಮಗಳ ಎದೆಯವರೆಗೆ ಎಳೆದಳು. ಹುಡುಗಿ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಬಹಳ ಸಣ್ಣ ಧ್ವನಿಯಲ್ಲಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು:

“ಹಂಗಾರ ನಾ ಏನ ತಿನ್ಲಿ ಅವ್ವಾ?”

ಹಸೀನಾಬಿ ಬಟ್ಟಲನ್ನು ಎತ್ತಿಕೊಂಡು ಇನ್ನೊಮ್ಮೆ ಚಮಚ ಹಿಡಿದಳು. ಗಂಜಿ ಆರಿಹೋಗಿತ್ತು. ಮಲ್ಲಿಕಾ ಬಾಯಿ ತೆರೆಯಲಿಲ್ಲ. ದಾನೇಶ್ವರಿ ಮಗಳ ಬೆರಳುಗಳನ್ನು ಹಿಡಿದುಕೊಂಡಳು. ಆ ಬೆರಳುಗಳು ಬಿಡಿಸಿಕೊಳ್ಳಲೂ ಇಲ್ಲ, ಅವಳ ಕೈಯನ್ನು ಹಿಡಿದುಕೊಳ್ಳಲೂ ಇಲ್ಲ. ಅಷ್ಟು ಶಕ್ತಿ ಅವುಗಳಲ್ಲಿ ಉಳಿದಿರಲಿಲ್ಲ.